ಗಾಲಿ ಮೇಲಿನ ಮನೆ, ಎಂಟು ಕೊಡ ನೀರು

ರಾತ್ರಿ ಎರಡು ಗಂಟೆ. ಹಾಸಿಗೆಯ ಕೆಳಗೆಲ್ಲೋ ‘ಕುಟ್ ಕುಟ್ ಕುಟ್’ ಎಂದು ಸದ್ದಾಗಿ ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ‘ಕುಟ್ ಕುಟ್’. ಇಲಿ ಸೇರಿಕೊಂಡಿರಬೇಕು ಅಂದುಕೊಂಡು ಹೊದಿಕೆ ಎಳೆದುಕೊಂಡೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ಹೆಚ್ಚುಕಮ್ಮಿ ಬಂದರೂ ಒಂಬತ್ತು ಗಂಟೆಯವರೆಗೆ ಕೂತು ಹುಡುಕುತ್ತಿದ್ದೆವು. ಅಂಥವನು ಆ ರಾತ್ರಿ ಮಾತ್ರ ‘ಬೆಳಿಗ್ಗೆ ನೋಡೋಣ’ ಎಂದು ಮಗ್ಗುಲಾದೆ. ಬೆಳಿಗ್ಗೆ ನೋಡಲು ಏನೂ ಉಳಿದಿರಲಿಲ್ಲ. ನೂರು ಲೀಟರ್ ನೀರು ತೆಂಗಿನ ತೋಟದ ಮಣ್ಣಿಗೆ ಸೇರಿತ್ತು.

ನಾವು ಮಲಗಿದ್ದು ಮನೆಯಲ್ಲಲ್ಲ, ಕ್ಯಾರವಾನ್ ಎಂಬ ಗಾಲಿ ಮೇಲಿನ ಮನೆಯಲ್ಲಿ. ನಾಲ್ಕು ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಒಂದು ಸಿಂಕು, ಮೂಲೆಯಲ್ಲಿ ಬಚ್ಚಲು ಮತ್ತು ಶೌಚಾಲಯ. ಇಂಥ ವಾಹನಗಳು ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ನಾನು ಶೋಕಿಗೆ ತರಿಸಿದ್ದಲ್ಲ. ನನ್ನ ಅಕ್ಕನಿಗೆ ಎಪ್ಪತ್ತೊಂಬತ್ತು. ಹೊಸದುರ್ಗ ತಾಲ್ಲೂಕಿನ ನಮ್ಮ ಹುಟ್ಟೂರನ್ನು ನೋಡದೆ ಅವಳಿಗೆ ಹನ್ನೆರಡು ವರ್ಷವಾಗಿತ್ತು. ಮಂಡಿನೋವು. ಬಸ್ಸಾಗಲಿ ಕಾರಾಗಲಿ, ದಾರಿಯಲ್ಲಿ ಶೌಚಕ್ಕೆ ಏನು ಮಾಡುವುದು ಎಂಬ ಸಂಕೋಚಕ್ಕೇ ಅವಳು ಹೊರಡುತ್ತಿರಲಿಲ್ಲ. “ನಿನ್ನ ಬಚ್ಚಲುಮನೆ ನಿನ್ನ ಜೊತೆಗೇ ಬರುತ್ತೆ ಅಕ್ಕಾ” ಎಂದ ಮೇಲೆ ಒಪ್ಪಿದಳು. ಅಕ್ಕ, ನನ್ನಾಕೆ, ಹನ್ನೆರಡರ ಮೊಮ್ಮಗಳು, ಒಂಬತ್ತರ ಮೊಮ್ಮಗ, ನಾನು, ಡ್ರೈವರ್ ಹುಡುಗ. ಚಿತ್ರದುರ್ಗದಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಹೊಳಲ್ಕೆರೆ ನೋಡಿಕೊಂಡು ಮತ್ತೆ ಚಿತ್ರದುರ್ಗ. ಮೂರು ದಿನದ ಪ್ರವಾಸ.

ನೀರು ಎಲ್ಲಿಂದ ಎಲ್ಲಿಗೆ?

ಹೊರಡುವ ಮುಂಚೆ ಡ್ರೈವರ್ ಹುಡುಗ ವಾಹನದ ನೀರಿನ ವ್ಯವಸ್ಥೆ ತೋರಿಸಿದ. ಮಕ್ಕಳು ಕಣ್ಣರಳಿಸಿ ನೋಡಿದರು. ನಾನು ತಲೆಯಾಡಿಸಿದೆ.

ಹಾಸಿಗೆಯ ಕೆಳಗೆ ನೂರು ಲೀಟರಿನ ಪ್ಲಾಸ್ಟಿಕ್ ಟ್ಯಾಂಕು. ವಾಹನದ ಪಕ್ಕದ ಮುಚ್ಚಳ ತೆಗೆದು ಪೈಪಿನಿಂದ ತುಂಬಿಸುವುದು. ಟ್ಯಾಂಕಿನಿಂದ ಸಣ್ಣ ಜಾಲರಿಯ ಮೂಲಕ ನೀರು ಪಂಪಿಗೆ ಬರುತ್ತದೆ. ಪಂಪು ಅಂಗೈಯಗಲದ್ದು, ಬ್ಯಾಟರಿಯ ಹನ್ನೆರಡು ವೋಲ್ಟಿನಲ್ಲಿ ಓಡುವಂಥದ್ದು. ಅಲ್ಲಿಂದ ಒಂದು ಪೈಪು ಸಿಂಕಿಗೆ, ಇನ್ನೊಂದು ಬಚ್ಚಲಿಗೆ. ಬಳಸಿದ ನೀರು ಕೆಳಗಿನ ಬೇರೆ ಟ್ಯಾಂಕಿಗೆ ಇಳಿಯುತ್ತದೆ.

ನಮ್ಮ ಮನೆಗಳಲ್ಲಿ ಟ್ಯಾಂಕು ಮಾಳಿಗೆಯ ಮೇಲಿರುವುದರಿಂದ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಲ್ಲಿ ಟ್ಯಾಂಕು ನಲ್ಲಿಗಿಂತ ಕೆಳಗಿದೆ, ಪಂಪು ತಳ್ಳಲೇಬೇಕು. ಆ ಪಂಪಿಗೆ ಒಂದು ಜಾಣತನವಿದೆ. ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಪಂಪು ತಾನೇ ಓಡುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರುತ್ತದೆ, ತಾನೇ ನಿಲ್ಲುತ್ತದೆ. ಅಂದರೆ ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಪಂಪು ಸದ್ದು ಮಾಡಕೂಡದು. ಮಾಡಿತು ಅಂದರೆ ಎಲ್ಲೋ ನೀರು ಸೋರುತ್ತಿದೆ ಎಂದರ್ಥ.

“ಸಾರ್, ಗಾಡಿ ಹೊರಡೋಕೆ ಮುಂಚೆ, ರಾತ್ರಿ ಮಲಗೋಕೆ ಮುಂಚೆ ಈ ಸ್ವಿಚ್ ಆರಿಸಿಬಿಡಿ” ಎಂದು ಹುಡುಗ ಎರಡು ಸಲ ಹೇಳಿದ್ದ.

ಕೋಟೆಯ ನೀರು, ಕಣಿವೆಯ ನೀರು

ಮೊದಲ ಬೆಳಿಗ್ಗೆ ಮಕ್ಕಳನ್ನು ಏಳು ಸುತ್ತಿನ ಕೋಟೆಗೆ ಹತ್ತಿಸಿದೆ. ಅಕ್ಕ ಕೆಳಗೆ ವಾಹನದಲ್ಲೇ ಕಾಫಿ ಕುಡಿಯುತ್ತಾ ಕೂತಳು. ಒನಕೆ ಓಬವ್ವನ ಕಿಂಡಿ ನೋಡಿ ಮೊಮ್ಮಗ ಒನಕೆ ಎಲ್ಲಿ ಎಂದು ಹುಡುಕಿದ. ಅವನಿಗೆ ನಾನು ಕೇಳಿದೆ: “ಗಂಡ ಊಟಕ್ಕೆ ಕೂತಿದ್ದ. ಓಬವ್ವ ಈ ಬಂಡೆಗಳ ನಡುವೆ ಬಂದದ್ದಾದರೂ ಯಾಕೆ, ಹೇಳು?” ಅವನಿಗೆ ಗೊತ್ತಿರಲಿಲ್ಲ. ನೀರಿಗೆ ಬಂದಿದ್ದಳು. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೊರಟವಳ ಕಣ್ಣಿಗೆ ಹೈದರಾಲಿಯ ಸೈನಿಕರು ಬಿದ್ದರು ಎನ್ನುತ್ತದೆ ಕಥೆ. ಕಿಂಡಿಯ ಹತ್ತಿರದ ತಣ್ಣೀರು ದೋಣಿ ಇವತ್ತಿಗೂ ಇದೆ.

ಅಷ್ಟು ಎತ್ತರದ ಕಲ್ಲುಗುಡ್ಡದ ಮೇಲೆ ಸೈನ್ಯ, ಸಂಸಾರ, ಕುದುರೆ ಎಲ್ಲಕ್ಕೂ ನೀರು ಒದಗಿದ್ದು ಹೊಂಡಗಳಿಂದ. ಮೇಲಿನ ಗೋಪಾಲಸ್ವಾಮಿ ಹೊಂಡದಲ್ಲಿ ಹೆಚ್ಚಾದ ಮಳೆನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುವಂತೆ ಪಾಳೆಯಗಾರರು ಕಟ್ಟಿಸಿದ್ದರು. ಪಂಪಿಲ್ಲ, ಸ್ವಿಚ್ಚಿಲ್ಲ. ಒಂದರ ಹೆಚ್ಚುವರಿ ಇನ್ನೊಂದರ ಜಮೆ. ಬ್ಯಾಂಕಿನವನ ಕಣ್ಣಿಗೆ ಅದು ಅಚ್ಚುಕಟ್ಟಾದ ಲೆಡ್ಜರಿನ ಹಾಗೆ ಕಂಡಿತು.

ಹಿರಿಯೂರಿನಲ್ಲಿ ಊಟ ಮುಗಿಸಿ ಸಂಜೆ ಹೊತ್ತಿಗೆ ಮಾರಿ ಕಣಿವೆಯಲ್ಲಿದ್ದೆವು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿ ವಿಲಾಸ ಸಾಗರ. ನೂರ ಮೂವತ್ತು ಅಡಿ ತುಂಬಿದರೆ ಕೋಡಿ. 1933ರಲ್ಲಿ ತುಂಬಿದ ಜಲಾಶಯ ಮತ್ತೆ ತುಂಬಿ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಬರೋಬ್ಬರಿ ಎಂಬತ್ತೊಂಬತ್ತು ವರ್ಷಕ್ಕೆ. 1933ರ ಕೋಡಿಯನ್ನು ನಮ್ಮಪ್ಪ ಹುಡುಗನಾಗಿದ್ದಾಗ ನೋಡಿದ್ದರಂತೆ. ಅಕ್ಕ ಕಿಟಕಿಯಿಂದ ನೀರನ್ನೇ ನೋಡುತ್ತಾ ಕೈಮುಗಿದಳು. ಚಿತ್ರದುರ್ಗದ ನಮ್ಮ ನಲ್ಲಿಗೆ ಬರುವ ನೀರು ಇಲ್ಲಿಂದ ಮತ್ತು ಚನ್ನಗಿರಿ ಕಡೆಯ ಶಾಂತಿಸಾಗರದಿಂದ ಎಂದು ಹೇಳಿದಾಗ ಮಕ್ಕಳಿಗೆ ಆಶ್ಚರ್ಯ. ನಲ್ಲಿಯ ಹಿಂದೆ ಗೋಡೆಯಷ್ಟೇ ಇದೆ ಅಂದುಕೊಂಡಿದ್ದರು.

ಕತ್ತಲಾಗುವ ಹೊತ್ತಿಗೆ ಹೊಸದುರ್ಗ ತಾಲ್ಲೂಕಿನ ನಮ್ಮೂರ ಪಕ್ಕ, ದೊಡ್ಡಪ್ಪನ ಮಗನ ತೆಂಗಿನ ತೋಟದಲ್ಲಿ ವಾಹನ ನಿಲ್ಲಿಸಿದೆವು. ಡ್ರೈವರ್ ಹುಡುಗ ತೋಟದ ಮನೆಯ ಜಗಲಿಯಲ್ಲಿ ಮಲಗಿದ. ರಾತ್ರಿ ಅಕ್ಕ ಎದ್ದರೆ ನೀರು ಬೇಕಾಗುತ್ತದಲ್ಲ ಎಂದು ನಾನು ಪಂಪಿನ ಸ್ವಿಚ್ ಆರಿಸಲಿಲ್ಲ.

ಮುಂದಿನದು ನಿಮಗೆ ಗೊತ್ತು.

ಒಂದು ಚೊಂಬು ನೀರು

ಬೆಳಿಗ್ಗೆ ಆರಕ್ಕೆ ನನ್ನಾಕೆ ಭುಜ ಅಲುಗಿಸಿದಳು. “ರೀ, ಅಕ್ಕಂಗೆ ಒಳಗೆ ಹೋಗಬೇಕಂತೆ. ನೀರೇ ಬರ್ತಿಲ್ಲ.” ಪಂಪು ಒಣಗಿದ ಗಂಟಲಿನಲ್ಲಿ ಗೊರಗುಟ್ಟುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಸ್ವಿಚ್ ಆರಿಸಿ ಹಲಗೆ ಎತ್ತಿ ನೋಡಿದೆ. ಪಂಪಿನ ಬಾಯಿಗೆ ಸಿಕ್ಕಿಸಿದ್ದ ಪೈಪು ಕಳಚಿ ಪಕ್ಕಕ್ಕೆ ಬಿದ್ದಿತ್ತು. ರಾತ್ರಿ ಎರಡರಲ್ಲಿ ಹನಿಹನಿ ಸೋರುತ್ತಿದ್ದ ಜಾಗವೇ ಬೆಳಗಿನ ಜಾವ ಪೂರಾ ಬಿಟ್ಟುಕೊಂಡಿತ್ತು. ಪಂಪು ತನ್ನ ಕೆಲಸ ತಾನು ನಿಷ್ಠೆಯಿಂದ ಮಾಡಿ, ಟ್ಯಾಂಕಿನ ಕೊನೆ ಹನಿಯವರೆಗೆ ನೆಲಕ್ಕೆ ಸುರಿದಿತ್ತು.

ಅಕ್ಕ ಏನೂ ಅನ್ನಲಿಲ್ಲ. ಸೆರಗು ಹೊದ್ದು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. “ಒಂದು ಚೊಂಬು ಸಿಕ್ಕರೆ ಸಾಕು ಕಣೋ” ಎಂದಳು. ನೀನು ಹೊರಡು, ನಿನಗೆ ತೊಂದರೆಯಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಕರೆತಂದವನು ನಾನು. ಆ ಮಾತಿಗೆ ನನಗೆ ತಲೆ ಎತ್ತಲಾಗಲಿಲ್ಲ.

ತೋಟದಲ್ಲಿ ಬೋರ್‌ವೆಲ್ ಇತ್ತು. ಆದರೆ ಮೂರು ಫೇಸ್ ಕರೆಂಟು ಬರುವುದು ಮಧ್ಯಾಹ್ನವಂತೆ. ದನಗಳ ತೊಟ್ಟಿಯಿಂದ ಎರಡು ಬಕೆಟ್ ಮೊಗೆದು ತಂದು ಅಕ್ಕನ ಕಷ್ಟ ಕಳೆದೆವು. ಕುಡಿಯುವ ಕ್ಯಾನಿನಲ್ಲಿ ತಳ ಮುಚ್ಚುವಷ್ಟೇ ಇತ್ತು. “ಕರೆಂಟು ಬಂದರೂ ಬೋರಿನ ನೀರು ಕುಡಿಯೋಕೆ ಬೇಡಪ್ಪ, ಫ್ಲೋರೈಡ್ ಇದೆ” ಎಂದ ದೊಡ್ಡಪ್ಪನ ಮಗ. ನಮ್ಮ ಜಿಲ್ಲೆಯ ಹಲವು ಕಡೆಯ ಕೊಳವೆಬಾವಿಗಳ ಕಥೆಯೇ ಅದು. ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ.

ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಅರ್ಧ ಕಿಲೋಮೀಟರ್. ಡ್ರೈವರ್ ಹುಡುಗ ಕ್ಯಾನು ಹೆಗಲಿಗೇರಿಸಿದ. ನಾನೂ ತರುತ್ತೇನೆಂದು ಮೊಮ್ಮಗಳು ತೋಟದ ಮನೆಯ ಸ್ಟೀಲ್ ಕೊಡ ಹಿಡಿದು ಹೊರಟಳು. ಅಕ್ಕ ಕೂಗಿ ನಿಲ್ಲಿಸಿದಳು. ಹಳೆಯ ಟವೆಲೊಂದನ್ನು ಹುರಿಮಾಡಿ ಸುತ್ತಿ ಸಿಂಬೆ ಕಟ್ಟಿ ಹುಡುಗಿಯ ತಲೆ ಮೇಲಿಟ್ಟಳು. “ಸಿಂಬೆ ಸರಿಯಾಗಿ ಕೂತ್ರೆ ಕೊಡ ನಿಲ್ಲುತ್ತೆ ಮಗಾ. ಅರ್ಧ ಕೊಡ ಮಾತ್ರ ತಾ.”

ಮಕ್ಕಳು ಹೋದ ಮೇಲೆ ನಾನು ಕೇಳಿದೆ: “ಅಕ್ಕಾ, ಆಗ ನೀನು ದಿನಕ್ಕೆ ಎಷ್ಟು ಕೊಡ ತರ್ತಿದ್ದೆ?”

“ಎಂಟು. ಬೆಳಿಗ್ಗೆ ಐದು, ಸಂಜೆ ಮೂರು. ಬೇಸಿಗೇಲಿ ಬಾವಿ ಒಣಗಿದ್ರೆ ಹಳ್ಳದಲ್ಲಿ ಒರತೆ ತೋಡಿ ಬಗ್ಗಿಸ್ಕೊಂಡು ಬರ್ತಿದ್ದೆ.”

ಕೊಡಕ್ಕೆ ಹನ್ನೆರಡು ಲೀಟರ್ ಅಂದರೂ ತೊಂಬತ್ತಾರು ಲೀಟರ್. ಏಳು ಜನರ ಮನೆ ನಮ್ಮದು. ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಆ ಎಂಟು ಕೊಡಕ್ಕಾಗಿ. ನಾನು ಹೊಸದುರ್ಗದ ಹೈಸ್ಕೂಲಿಗೆ, ಆಮೇಲೆ ಚಿತ್ರದುರ್ಗದ ಕಾಲೇಜಿಗೆ ಹೋಗಿ ಬಿ.ಕಾಂ. ಮಾಡಿದೆ. ಬೆಳಿಗ್ಗೆ ನಾನು ಮುಖ ತೊಳೆಯುವ ಹೊತ್ತಿಗೆ ಹಂಡೆ ತುಂಬಿರುತ್ತಿತ್ತು. ಯಾರು ತುಂಬಿಸಿದರು ಎಂದು ಒಂದು ದಿನವೂ ಲೆಕ್ಕ ಇಟ್ಟವನಲ್ಲ. ಈಗ ರಾತ್ರಿ ಮಲಗಿದ್ದಂತೆಯೇ ಅವಳ ಒಂದು ಇಡೀ ದಿನವನ್ನು ನೆಲಕ್ಕೆ ಚೆಲ್ಲಿದ್ದೆ.

ಎರಡು ರೂಪಾಯಿಯ ಬಳೆ

ಕಳಚಿದ ಪೈಪನ್ನು ದಾರಕಟ್ಟಿ ನಿಲ್ಲಿಸಿ ಹೊಸದುರ್ಗಕ್ಕೆ ಬಂದೆವು. ಪಂಪ್‌ಸೆಟ್ ರಿಪೇರಿ ಅಂಗಡಿಯ ವಯಸ್ಸಾದ ಮೇಸ್ತ್ರಿಯೊಬ್ಬರು ವಾಹನದೊಳಗೆ ಬಗ್ಗಿ ನೋಡಿ ನಕ್ಕರು. “ಯಜಮಾನ್ರೇ, ತೋಟದ ಪಂಪಾದ್ರೂ ಅಷ್ಟೇ, ಇದಾದ್ರೂ ಅಷ್ಟೇ. ಕೆಡೋದು ಪಂಪಲ್ಲ, ಜಾಯಿಂಟು.”

ಪೈಪು ಪಂಪಿಗೆ ಸೇರುವ ಕಡೆ ಕಬ್ಬಿಣದ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿತ್ತು. ಅದರ ಮುಂದಿನ ನಟ್ಟಿನೊಳಗಿನ ರಬ್ಬರ್ ವಾಷರನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ನಾಣ್ಯದ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಬಾಡಿಗೆಗೆ ಕೊಟ್ಟವರು ಬಹಳ ದಿನದಿಂದ ಬದಲಿಸಿರಲಿಲ್ಲ. ವಾಹನವಲ್ಲವೇ, ಪ್ರತಿ ಹಳ್ಳ ಉಬ್ಬಿಗೂ ಪ್ರತಿ ಜಾಯಿಂಟೂ ಕುಲುಕುತ್ತದೆ. ಮನೆಯ ಗೋಡೆಯೊಳಗಿನ ಪೈಪು ಹತ್ತು ವರ್ಷದಲ್ಲಿ ಅನುಭವಿಸದ ಕುಲುಕಾಟವನ್ನು ಇದು ಒಂದು ಪ್ರವಾಸದಲ್ಲಿ ಅನುಭವಿಸುತ್ತದೆ.

ಮೇಸ್ತ್ರಿ ಮಾಡಿದ್ದನ್ನು ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪೈಪಿನ ಹಿಗ್ಗಿದ ತುದಿಯನ್ನು ಒಂದಂಗುಲ ನೇರವಾಗಿ ಕತ್ತರಿಸಿದರು. ಹೊಸ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಪಂಪಿನ ಮೂತಿಗೆ ಕೊನೆಯವರೆಗೆ ತಳ್ಳಿದರು. ತುಕ್ಕು ಹಿಡಿಯದ ಸ್ಟೀಲ್ ಕ್ಲಿಪ್ಪನ್ನು ಮೂತಿಯ ಉಬ್ಬಿನ ಹಿಂದಕ್ಕೆ ಕೂರಿಸಿ, ಪೈಪು ಕೊಯ್ಯದಷ್ಟೇ ಬಿಗಿ ಮಾಡಿದರು. ನಟ್ಟಿಗೆ ಹೊಸ ವಾಷರ್ ಹಾಕಿ ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಮಾತ್ರ.

“ಇನ್ನೂ ಬಿಗಿ ಮಾಡಿ” ಎಂದೆ ನಾನು.

“ಜಾಸ್ತಿ ಬಿಗಿ ಮಾಡಿದ್ರೆ ವಾಷರ್ ಹಿಸುಕಿ ಹೋಗುತ್ತೆ, ಪ್ಲಾಸ್ಟಿಕ್ ನಟ್ಟು ಸೀಳುತ್ತೆ. ನೀರು ತಡೆಯೋದು ನಟ್ಟಲ್ಲ ಯಜಮಾನ್ರೇ, ವಾಷರ್ರು.”

ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಹೊಸ ವಾಷರೊಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. “ಇದೂ ಸಿಂಬೇನೇ ಬಿಡು” ಎಂದಳು. ಮೇಸ್ತ್ರಿಗೆ ಆ ಮಾತು ಬಹಳ ಹಿಡಿಸಿತು. “ಹೂಂ ಕಣವ್ವ, ಪೈಪಿನ ಸಿಂಬೆ!”

ಕೊನೆಗೆ ಪರೀಕ್ಷೆ. ಜಾಯಿಂಟಿನ ಕೆಳಗೆ ಒಣಗಿದ ಹಳೆಯ ಪತ್ರಿಕೆ ಹಾಸಿ, ಟ್ಯಾಂಕಿಗೆ ನೀರು ತುಂಬಿ ಪಂಪು ಓಡಿಸಿದರು. ನಲ್ಲಿ ಮುಚ್ಚಿದರು. ಪಂಪು ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು. ಹತ್ತು ನಿಮಿಷ ಸದ್ದಿಲ್ಲ. ಪತ್ರಿಕೆಯ ಮೇಲೆ ಒಂದು ಒದ್ದೆ ಚುಕ್ಕೆಯೂ ಇಲ್ಲ. ವಾಷರಿನ ಬೆಲೆ ಎರಡು ರೂಪಾಯಿ. ಕ್ಲಿಪ್ಪು, ಟೇಪು, ಮೇಲೆ ನಾಲ್ಕು ವಾಷರ್ ಹೆಚ್ಚುವರಿ ಎಲ್ಲ ಸೇರಿ ನೂರರೊಳಗೆ ಮುಗಿಯಿತು. ಕೂಲಿ ಬೇಡವೆಂದರು. ಅಕ್ಕ ಬಿಡಲಿಲ್ಲ, ಸೆರಗಿನ ಗಂಟು ಬಿಚ್ಚಿ ತಾನೇ ಕೊಟ್ಟಳು.

ನೀರಿನ ಪಾಸ್‌ಬುಕ್

ಮಧ್ಯಾಹ್ನ ನಮ್ಮೂರಿಗೆ ಹೋದೆವು. ಅಕ್ಕನ ಗೆಳತಿಯರಲ್ಲಿ ಇಬ್ಬರು ಉಳಿದಿದ್ದರು. ಮೂವರೂ ಬೇವಿನ ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಮಾತಾಡಿದರು. ಹಳೆಯ ಸೇದುವ ಬಾವಿಗೆ ಈಗ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಅಕ್ಕ ಅದರ ಕಲ್ಲಿನ ಅಂಚನ್ನು ಮುಟ್ಟಿ ನೋಡಿದಳು. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು ಹಾಗೇ ಇದ್ದವು.

ಆ ರಾತ್ರಿಯಿಂದ ನಾನು ನೀರಿನ ಲೆಕ್ಕ ಶುರುಮಾಡಿದೆ. ಮೊಮ್ಮಗಳ ನೋಟ್‌ಬುಕ್ಕೇ ಪಾಸ್‌ಬುಕ್. ಆರಂಭ ಶಿಲ್ಕು ನೂರು ಲೀಟರ್. ಅಡುಗೆಗೆ ಹತ್ತು, ಪಾತ್ರೆಗೆ ಹನ್ನೆರಡು, ಕೈಕಾಲು ಮುಖಕ್ಕೆ ಹದಿನೈದು, ಶೌಚಕ್ಕೆ ಇಪ್ಪತ್ತು. ದಿನದ ಖರ್ಚು ಐವತ್ತೇಳು. ಸ್ನಾನ ತೋಟದ ತೊಟ್ಟಿಯಲ್ಲಾಯಿತು. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ತೊಳೆದರೆ ನೀರು ಅರ್ಧ ಸಾಕು ಎಂದು ಮೊಮ್ಮಗ ಕಂಡುಹಿಡಿದ. ಮಲಗುವ ಮುಂಚೆ ಅವನೇ ಸ್ವಿಚ್ ಆರಿಸಿ, “ಕ್ಯಾಷ್ ಕ್ಲೋಸ್ ತಾತ” ಎಂದ. ಅಕ್ಕನ ಹಾಸಿಗೆಯ ಪಕ್ಕ ಒಂದು ಬಕೆಟ್ ನೀರು, ಮೇಲೊಂದು ಚೊಂಬು ಇಟ್ಟೆ. ಹಿಂದಿನ ರಾತ್ರಿಯೇ ಹೊಳೆಯಬೇಕಿದ್ದ ಉಪಾಯ.

ಮೂರನೆಯ ದಿನ ಹೊಳಲ್ಕೆರೆ. ಮಾಡಿಲ್ಲದೆ ಬಯಲಿನಲ್ಲೇ ಕೂತ ದೊಡ್ಡ ಗಣಪತಿಗೆ ಅಕ್ಕ ವಾಹನದಿಂದ ಇಳಿದು, ಮೊಮ್ಮಗಳ ಭುಜ ಹಿಡಿದು ಹೋಗಿ ಗರಿಕೆ ಇಟ್ಟು ಬಂದಳು. ಸಂಜೆಗೆ ಚಿತ್ರದುರ್ಗ. ಇಳಿಯುವಾಗ ಟ್ಯಾಂಕಿನಲ್ಲಿ ಇನ್ನೂ ಹದಿನೆಂಟು ಲೀಟರ್ ಶಿಲ್ಕಿತ್ತು. ಅದನ್ನು ಮನೆಯ ಮುಂದಿನ ದಾಸವಾಳದ ಬುಡಕ್ಕೆ ಬಿಟ್ಟೆವು.

ರಾತ್ರಿ ಮನೆಯಲ್ಲಿ ಮಲಗಿದರೆ ನಿದ್ದೆ ಬರಲಿಲ್ಲ. ಎಲ್ಲಿಂದಲೋ ‘ಟಪ್... ಟಪ್...’ ಎದ್ದು ಹೋಗಿ ನೋಡಿದೆ. ಅಡುಗೆಮನೆಯ ನಲ್ಲಿ. ಎಷ್ಟೋ ತಿಂಗಳಿಂದ ಹಾಗೇ ತೊಟ್ಟಿಕ್ಕುತ್ತಿತ್ತು, ನಮ್ಮ ಕಿವಿಗೆ ಅಭ್ಯಾಸವಾಗಿತ್ತು ಅಷ್ಟೆ. ಇನ್ನೂರು ಮಿಲಿ ಲೀಟರಿನ ಲೋಟ ಇಟ್ಟು ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷಕ್ಕೆ ತುಂಬಿತು. ಗಂಟೆಗೆ ಆರುನೂರು ಮಿಲಿ, ದಿನಕ್ಕೆ ಹದಿನಾಲ್ಕು ಲೀಟರಿಗೂ ಹೆಚ್ಚು. ಅಕ್ಕನ ಒಂದು ಕೊಡಕ್ಕಿಂತ ಜಾಸ್ತಿ, ದಿನಾ.

ಹೊಸದುರ್ಗದಿಂದ ತಂದ ನಾಲ್ಕು ವಾಷರ್ ಜೇಬಿನಲ್ಲೇ ಇದ್ದವು. ಅವು ನಲ್ಲಿಯ ಅಳತೆಗೆ ಹೊಂದಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹಳೆಯ ವಾಷರನ್ನು ಅಂಗೈಯಲ್ಲಿ ಹಿಡಿದು ಮುಂದೆ ನಿಂತಿದ್ದೆ.

ನೀವು ಇಂಥ ವಾಹನದಲ್ಲಿ ಹೊರಟರೆ

• ಹೊರಡುವ ಹಿಂದಿನ ದಿನವೇ ಟ್ಯಾಂಕು ತುಂಬಿ, ಎಲ್ಲ ನಲ್ಲಿ ಮುಚ್ಚಿ, ಪಂಪಿನ ಸ್ವಿಚ್ ಹಾಕಿ ಹತ್ತು ನಿಮಿಷ ಕಿವಿಗೊಡಿ. ಪಂಪು ಮತ್ತೆ ಮತ್ತೆ ಓಡಿದರೆ ಸೋರಿಕೆ ಇದೆ. ಜಾಯಿಂಟುಗಳ ಕೆಳಗೆ ಒಣ ಕಾಗದ ಹಾಸಿ ಪತ್ತೆ ಮಾಡಿ.

• ವಾಹನ ಓಡುವಾಗ ಮತ್ತು ರಾತ್ರಿ ಪಂಪಿನ ಸ್ವಿಚ್ ಆರಿಸಿ. ಖಾಲಿ ಟ್ಯಾಂಕಿನಲ್ಲಿ ಪಂಪು ಓಡಿದರೆ ಕೆಡುತ್ತದೆ.

• ಅಳತೆಗೆ ತಕ್ಕ ವಾಷರ್, ಎರಡು ಸ್ಟೀಲ್ ಕ್ಲಿಪ್ಪು, ಬಿಳಿ ಟೇಪು, ಸ್ಕ್ರೂಡ್ರೈವರ್, ಸಣ್ಣ ಸ್ಪ್ಯಾನರ್ ಜೊತೆಗಿರಲಿ. ಟೇಪನ್ನು ನಟ್ಟು ಬಿಗಿಯುವ ದಿಕ್ಕಿಗೇ ಸುತ್ತಬೇಕು. ತಿರುಗಾಮುರುಗಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

• ನೀರು ತುಂಬಲು ಕುಡಿಯುವ ನೀರಿಗೆಂದೇ ಮಾಡಿದ ಪೈಪು ಬಳಸಿ. ತೋಟದ ಪೈಪಿನಿಂದ ನೀರಿಗೆ ರಬ್ಬರ್ ವಾಸನೆ ಬರುತ್ತದೆ. ಪೈಪಿನ ತುದಿ ನೆಲಕ್ಕೆ ತಾಗದಿರಲಿ. ಮೊದಲು ಒಂದಿಷ್ಟು ನೀರು ಹೊರಗೆ ಬಿಟ್ಟು ಆಮೇಲೆ ತುಂಬಿ.

• ಗಡಸು ನೀರಿನ ಊರುಗಳಲ್ಲಿ ಪಂಪಿನ ಮುಂದಿನ ಜಾಲರಿಗೆ ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ಬಿಚ್ಚಿ ತೊಳೆಯಿರಿ.

• ಬಹಳ ದಿನ ನಿಂತಿದ್ದ ವಾಹನದ ಟ್ಯಾಂಕನ್ನು ದೊಡ್ಡವರು ಶುದ್ಧಗೊಳಿಸಬೇಕು. ನೂರು ಲೀಟರಿಗೆ ಸುಮಾರು 20 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ತುಂಬಿದ ಟ್ಯಾಂಕಿಗೆ ಹಾಕಿ. ಪ್ರತಿ ನಲ್ಲಿಯಲ್ಲೂ ಸ್ವಲ್ಪ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಿಗ್ಗೆ ಖಾಲಿ ಮಾಡಿ ವಾಸನೆ ಹೋಗುವವರೆಗೆ ತೊಳೆಯಿರಿ.

• ಬಳಸಿದ ಸೋಪಿನ ನೀರನ್ನು ಕೆರೆಗಾಗಲಿ ರಸ್ತೆಗಾಗಲಿ ಬಿಡಬೇಡಿ.

• ಕುಡಿಯುವ ನೀರು ಬೇರೆ ಕ್ಯಾನಿನಲ್ಲಿರಲಿ. ಹಿರಿಯರ ಹಾಸಿಗೆಯ ಪಕ್ಕ ರಾತ್ರಿ ಒಂದು ಚೊಂಬು ನೀರು ಇರಲೇಬೇಕು.